ಮೇಜಿನ ಕೆಳಗಿನ ದನಿ

ಮದ್ರಾಸಿನ ಗಿಂಡಿ ಸ್ಟೇಷನ್ನಲ್ಲಿ ಎದುರು ಪ್ಲಾಟ್‌ಫಾರ್ಮ್ ಮೇಲೆ ಒಬ್ಬ ದಪ್ಪ ಮನುಷ್ಯ ಹೆಂಡತಿಗೆ ಏನೋ ಹೇಳ್ತಾ ಇದ್ದ. ಮಧ್ಯದಲ್ಲಿ ಹಳಿ, ಮೇಲಿಂದ ಅನೌನ್ಸ್‌ಮೆಂಟು, ಒಂದಕ್ಷರ ಈ ಕಡೆಗೆ ದಾಟ್ತಿರಲಿಲ್ಲ. ಗುರುಚರಣನಿಗೆ ದಾಟೋದು ಬೇಕಾಗೂ ಇರಲಿಲ್ಲ, ಬಾಯಿ ಕಂಡ್ರೆ ಸಾಕು. ತುಟಿ ಮುಚ್ಚಿತು, ಅಲ್ಲೊಂದು 'ಮ' ಇಟ್ಟ. ತೆರೀತು, ಉದ್ದಕ್ಕೊಂದು 'ಆ' ಎಳೆದ. ಪಟಪಟ ಅಂತ ಎರಡು ಸಲ ಮುಚ್ಚಿ ತೆರೀತು, 'ಪಾಪಿ' ತುಂಬಿದ. 'ಮಾತಾಡಬೇಡ ಕಣೇ, ಈ ಪಾಪಿ ಎದೇಲಿ ಬೆಂಕಿ ಬಿದ್ದಿದೆ.' ಎಷ್ಟು ಚೆನ್ನಾಗಿ ಕೂತ್ಕೊಳ್ತು ಅಂದ್ರೆ, ಹೆಂಡತಿ ಅದಕ್ಕೇ ಅನ್ನೋ ಹಾಗೆ ಹಣೆ ಚಚ್ಚಿಕೊಂಡ್ಳು. ಅವನು ನಿಜವಾಗಿ ಹೇಳಿದ್ದು ಪಾಸು ಮನೇಲೇ ಬಿಟ್ಟು ಬಂದೆ ಅಂತಲೋ ಏನೋ. ಪಾಸಿಗೆ ಯಾರು ಚಪ್ಪಾಳೆ ಹೊಡೀತಾರೆ? ಬೆಂಕಿಗೆ ಹೊಡೀತಾರೆ. ಹೀಗೆ ದಾರಿ ತುಂಬ ಕಂಡೋರ ಬಾಯಿಗೆಲ್ಲ ಮಾತು ಹಾಕ್ಕೊಂಡು ಬರೋ ಗುರುಚರಣನಿಗೆ ಇವತ್ತು ತಾನೇ ಒಬ್ಬರನ್ನ ಒಂದು ಮಾತು ಕೇಳಬೇಕಿತ್ತು. ಸಣ್ಣ ಮಾತು. ಅದನ್ನ ನೆನೆಸಿಕೊಂಡ ಕೂಡಲೇ ಅವನ ತುಟಿ ಮಾತ್ರ ಗೋಂದು ಹಾಕಿದ ಹಾಗೆ ಅಂಟಿಕೊಳ್ತು. ಕಂಪನಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಹಿನ್ನೆಲೆ ಸಂಗೀತ ಇಲ್ಲ, ಸ್ಲೋ ಮೋಷನ್ ಇಲ್ಲ, ಮುಂದಿನ ಸೀಟಿನವನ ತಲೆ ಎಣ್ಣೆ ವಾಸನೆ ಮಾತ್ರ ಇತ್ತು. ಇಂಥ ಸೀನಲ್ಲಿ ಹೀರೋ ಎಂಟ್ರಿ ಆಗಲ್ಲ, ಹೀರೋನ ಮಾವ ಆಗ್ತಾನೆ.

ಕೋಡಂಬಾಕ್ಕಂನ ಡಬ್ಬಿಂಗ್ ಥಿಯೇಟರಲ್ಲಿ ವರ್ಷಾನುಗಟ್ಟಲೆ ಅವನು ಮಾಡಿದ್ದು ಇದೇ ಕೆಲಸ. ತಮಿಳಲ್ಲಿ, ತೆಲುಗಲ್ಲಿ ಬಂದ ಚಿತ್ರಗಳಿಗೆ ಕನ್ನಡ ದನಿ. ಕತ್ತಲೆ ರೂಮು, ಒಂದು ಮೈಕು, ಎದುರಿಗೆ ಪರದೆ ಮೇಲೆ ಅದೇ ಚೂರು ಮತ್ತೆ ಮತ್ತೆ ತಿರುಗ್ತಾ ಇರುತ್ತೆ, ಅದಕ್ಕೆ ಲೂಪ್ ಅಂತಾರೆ, ಬಾಯಿ ತೆರೆಯೋದಕ್ಕೂ ಮಾತು ಬರೋದಕ್ಕೂ ಸರಿಹೋಗೋ ತನಕ ಬಿಡೋಹಾಗಿಲ್ಲ. ಅಲ್ಲಿ ಇನ್‌ಚಾರ್ಜ್ ಹರಿಹರ ಮಾಮ. ವೀಳ್ಯ ಜಗೀತಾ ಹೇಳೋರು, 'ತುಟಿ ಮುಚ್ಚಿದಾಗ ಪ ಬ ಮ ಇಡು, ತೆರೆದಾಗ ದೇವರು ಕೊಟ್ಟದ್ದು ಇಡು. ಅರ್ಥ ಆಮೇಲೆ ಬಂದು ಕೂತ್ಕೊಳ್ಳತ್ತೆ.' ಎಷ್ಟೋ ಚಿತ್ರದಲ್ಲಿ ಅರ್ಥ ಆಮೇಲೂ ಬಂದು ಕೂತಿರಲಿಲ್ಲ, ಅದು ಬೇರೆ ಮಾತು. ಗುರುಚರಣ ಹೀರೋನ ಗೆಳೆಯನಿಗೆ ದನಿ ಕೊಟ್ಟಿದ್ದ, ವಿಲನ್ನಿನ ಎಡಗೈ ಬಂಟನಿಗೆ ಕೊಟ್ಟಿದ್ದ, ಒಂದೇ ಚಿತ್ರದಲ್ಲಿ ಜಡ್ಜಿಗೂ ಕೈದಿಗೂ ಕೊಟ್ಟು ತನಗೆ ತಾನೇ ಗಲ್ಲು ಶಿಕ್ಷೆ ವಿಧಿಸಿಕೊಂಡಿದ್ದ. ನಾಯಿಗೆ ಕೊಟ್ಟಿದ್ದ. ಮನೇಲಿ ಟಿವಿ ಮುಂದೆ ಅಮ್ಮನ್ನ, ಅಂಬುಜಾ ಅತ್ತೇನ ಕೂರಿಸಿ ಇದು ನಂದು ಅಂತ ತೋರಿಸಿದಾಗ ಅಲ್ಲೊಬ್ಬ 'ಅಯ್ಯೋ ಸತ್ತೆ' ಅಂತ ಬಾವಿಗೆ ಬಿದ್ದ. ಅಮ್ಮ ಇನ್ನೂ ಕಾಯ್ತಾ ಇದ್ಳು. 'ನೀನು ಯಾವಾಗ ಬರ್ತೀಯ ಡಾ?' ಬಂದೆ, ಬಿದ್ದೂ ಬಿಟ್ಟೆ ಅಂತ ಹೇಳೋಕೆ ನಾಚಿಕೆಯಾಗಿ, ಇಂಟರ್ವಲ್ ಆದ್ಮೇಲೆ ಅಂದಿದ್ದ. ಪಾಪ, ಅವಳು ಕೊನೇ ತನಕ ನೋಡಿದ್ಳು. ಅತ್ತೆ ಮಾತ್ರ ಮಧ್ಯದಲ್ಲೇ ಎದ್ದು, ನಿನ್ನ ಮಗ ಏನು ಅದೃಶ್ಯ ಮನುಷ್ಯನಾ ಅಂತ ಕೇಳಿ ಕಾಫಿ ಲೋಟ ತೊಳೆಯೋಕೆ ಹೋದ್ಳು.

ಆಮೇಲೆ ಆ ಮೆಷಿನ್ ಬಂತು. ಹೀರೋನ ಸ್ವಂತ ದನೀನೇ ತಗೊಂಡು ಬೇಕಾದ ಭಾಷೇಲಿ ಆಡಿಸೋ ಮೆಷಿನ್ನು. ಹರಿಹರ ಮಾಮ ಅದನ್ನ ಒಂದು ಸಲ ಕೇಳಿ, ವೀಳ್ಯ ಉಗಿದು ಬಂದು, 'ಮ ಸರಿಯಾಗಿ ಇಟ್ಟಿದಾನೆ' ಅಂತ ಮಾತ್ರ ಅಂದ್ರು. ಅವತ್ತಿಂದ ಗುರುಚರಣ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದಿದ. ಪರೀಕ್ಷೆ ಪಾಸು ಮಾಡಿದ. ಪೆರುಂಗುಡಿಯ ಈ ಸಣ್ಣ ಕಂಪನೀಲಿ ಸುಮತಿ ಮೇಡಂ ಇಂಟರ್ವ್ಯೂ ಮಾಡಿ, ಸಿನಿಮಾದೋನಿಗೆ ಇಲ್ಲೇನು ಕೆಲಸ ಅಂತ ತಮಿಳಲ್ಲೇ ನೇರವಾಗಿ ಕೇಳಿದ್ರು. ಅವನು ಕುರ್ಚೀಲಿ ಸ್ವಲ್ಪ ಹಿಂದಕ್ಕೆ ವಾಲಿ, ವಯಸ್ಸಾದ ಪೊಲೀಸ್ ಕಮಿಷನರ್ ದನೀಲಿ ಉತ್ತರ ಕೊಟ್ಟಿದ್ದ: ಒಂದು ಕಡೆ ಕೇಳೋನು, ಇನ್ನೊಂದು ಕಡೆ ಮಾಡೋನು, ಇವನ ಬಾಯಿ ಅವನಿಗೆ ತಿಳಿಯಲ್ಲ, ಅವನ ಬಾಯಿ ಇವನಿಗೆ ತಿಳಿಯಲ್ಲ, ಮಧ್ಯ ನಿಂತು ಇಬ್ಬರ ಮಾತೂ ಇಬ್ಬರಿಗೂ ಮುಟ್ಟಿಸೋನೇ ಮ್ಯಾನೇಜರ್ ಮೇಡಂ, ನಾನು ಇಷ್ಟು ದಿನ ಮಾಡಿದ್ದೂ ಅದೇ. ಮೇಡಂ ಪೆನ್ನು ಕೆಳಗಿಟ್ಟಿದ್ರು. ಕೆಲಸ ಸಿಕ್ತು. ಮನೇಗೆ ಬಂದಮೇಲೆ ಅನ್ನಿಸ್ತು, ಕೆಲಸ ಸಿಕ್ಕಿದ್ದು ಆ ಕಮಿಷನರಿಗೆ, ನನಗಲ್ಲ. ದಿನಾ ಬೆಳಿಗ್ಗೆ ಆ ಕಮಿಷನರನ್ನ ಎಬ್ಬಿಸಿ, ಸ್ನಾನ ಮಾಡಿಸಿ, ಬಸ್ಸು ಹತ್ತಿಸಬೇಕು.

ಬಸ್ಸು ತಿರುವು ತಗೊಳ್ತು. ಇವತ್ತು ಸಂಜೆ ಮೇಡಂ ಅವನ ಕೆಲಸ ಪಕ್ಕಾ ಮಾಡಬೇಕೋ ಬೇಡವೋ ಅಂತ ನಿರ್ಧಾರ ಮಾಡೋರಿದ್ರು. ಅದಕ್ಕಿಂತ ಎದೆ ಮೇಲೆ ಕೂತಿದ್ದು ಜೊತೆ ಕೆಲಸ ಮಾಡೋ ತೃಪ್ತಿಗೆ ಕೊಟ್ಟ ಮಾತು. ಅವರು ಕಟ್ತಾ ಇದ್ದದ್ದು ಕಲ್ಯಾಣ ಮಂಟಪ ಬುಕ್ ಮಾಡೋ ಆ್ಯಪ್ಪು. ಮಾಡಿಸ್ತಿರೋರು ಕೊಯಮತ್ತೂರಿನ ಅರವಿಂದ್ ಸರ್, ಊರ ತುಂಬ ಮಂಟಪ ಇಟ್ಟುಕೊಂಡಿರೋ ಮನೆತನ. ಈ ಶುಕ್ರವಾರ ಆ್ಯಪ್ಪು ಶುರುವಾಗಲೇಬೇಕು, ಯಾಕಂದ್ರೆ ಅದಾದ್ಮೇಲೆ ಆಡಿ ಮಾಸ, ತಮಿಳರ ಆಷಾಢ, ಶುಭಕಾರ್ಯ ಇಲ್ಲ. ಅವರ ಅಮ್ಮ ಪಂಚಾಂಗ ನೋಡಿ ಇಟ್ಟ ದಿನ ಅದು. ಪ್ರತಿ ಮೀಟಿಂಗಲ್ಲೂ ಅರವಿಂದ್ ಸರ್ ಅಮ್ಮನ ಹೆಸರು ಹೇಳಿಯೇ ಮಾತು ಮುಗಿಸೋರು. ಆ್ಯಪ್ಪಲ್ಲಿ ತಪ್ಪೇನಾದ್ರೂ ಇದ್ಯಾ ಅಂತ ಜಾಲಾಡೋ ಕೆಲಸ ತೃಪ್ತೀದು. ಧಾರವಾಡದ ಹುಡುಗಿ. ಒಳ್ಳೆ ದಿನ ಅನ್ನೋದು ತಮಿಳರಿಗೊಂದು ನಮಗೊಂದು ಬೇರೆ ಇರುತ್ತಾ? ಧಾರವಾಡದ ಭಟ್ಟರೂ ಅದೇ ಶುಕ್ರವಾರನೇ ಹುಡುಕಿ ಅವಳ ತಂಗಿ ಕುಬಸಕ್ಕೆ ಇಟ್ಟಿದ್ರು. ಚೊಚ್ಚಲ ಬಸುರಿ ತಂಗಿ, ತಾಯಿ ಇಲ್ಲದ ಮನೆ, ಅಕ್ಕ ಉಡಿ ತುಂಬಬೇಕು. 'ನಾ ಬರಲಿಲ್ಲಂದ್ರ ಹಸೀಮ್ಯಾಲೆ ಕೂಡಂಗಿಲ್ಲಂತ ಕುಂತಾಳ್ರೀ ಅಕಿ' ಅಂದಿದ್ಳು. ಎರಡು ದಿನದ ರಜೆ, ಅರವಿಂದ್ ಸರ್ ಒಪ್ಪಿದ್ರೆ ಸಾಕು. ಆಗ ಗುರುಚರಣ ಎದೆ ಮುಟ್ಟಿ ಒಂದು ಡೈಲಾಗ್ ಹೊಡೆದಿದ್ದ: 'ನೀವು ಟ್ರೈನು ನೋಡಿ. ಅರವಿಂದ್ ಸರ್ ಹತ್ರ ಈ ಗುರು ಮಾತಾಡ್ತಾನೆ. ಈ ಗುರು ಮಾತಾಡಿದ ಮೇಲೆ ಮಾತು ಇರಲ್ಲ, ಬರೀ ಮೌನ.' ಅಷ್ಟು ಹೇಳಿ ಅವನೇ ಮೌನವಾಗಿಬಿಟ್ಟ. ಎಷ್ಟು ಮೀಟಿಂಗ್ ಬಂತು, ಹೋಯ್ತು. ಪ್ರತಿ ಸಲ ಬಾಯಿ ತೆರೆದಾಗ ಯಾವ ದನೀಲಿ ಕೇಳೋದು ಅನ್ನೋದೇ ಗೊತ್ತಾಗ್ತಿರಲಿಲ್ಲ. ಕಮಿಷನರ್ ದನೀಲಿ ಕೇಳಿದ್ರೆ ಆರ್ಡರ್ ಆಗುತ್ತೆ. ಗೆಳೆಯನ ದನೀಲಿ ಕೇಳಿದ್ರೆ ಕಾಮಿಡಿ ಆಗುತ್ತೆ. ತೃಪ್ತಿ ದಿನಾ ಅವನ ಮುಖ ನೋಡೋಳು, ಕೇಳ್ತಿರಲಿಲ್ಲ. ಕೇಳಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು.

ಮೊದಲ ವಾರ ಅವಳನ್ನ ನಗಿಸೋಣ ಅಂತ ಅವಳ ಹಾಗೇ ಧಾರವಾಡದ ರಾಗದಲ್ಲಿ ಮಾತಾಡಿದ್ದ. ಮೂಗಿನ ಎಳೆತದ ಸಮೇತ ಪಕ್ಕಾ. ಎಲ್ಲರೂ ನಕ್ಕಿದ್ರು, ಅವಳೂ ಸ್ವಲ್ಪ ನಕ್ಕು ಆಮೇಲೆ, 'ನಮ್ಮ ಮಾತು ನಮಗ ಇರ್ಲಿ ಬಿಡ್ರಿ, ನಿಮ್ಮದು ನೀವ್ ಆಡ್ರಿ' ಅಂದಿದ್ಳು. ಸಿಟ್ಟಿರಲಿಲ್ಲ ಆ ಮಾತಲ್ಲಿ, ಅದಕ್ಕೇ ಇನ್ನೂ ಚುಚ್ತಾ ಇತ್ತು. ನಿಮ್ಮದು ಅಂದ್ರೆ ಯಾವುದು? ಮನೇಲಿ ಅಮ್ಮನ ಹತ್ರ ಅರ್ಧ ತಮಿಳು ಬೆರೆಸಿದ ಕನ್ನಡ, ಮೈಕ್ ಮುಂದೆ ಬೆಂಗಳೂರಿನೋರು ಮೆಚ್ಚೋ ಕನ್ನಡ, ಆಟೋದವನ ಹತ್ರ ಮದ್ರಾಸ್ ಭಾಷೆ, ಮಠದಲ್ಲಿ ಆಚಾರ್ಯರು ಕಂಡ್ರೆ ಮಡಿ ಉಟ್ಟ ಕನ್ನಡ. ಎಲ್ಲವೂ ಸರಿಯಾಗಿ ಬರ್ತಿತ್ತು. ಬೀರು ತುಂಬ ಬಟ್ಟೆ ಇರೋನು ಬೆತ್ತಲೆ ನಿಂತು ಯಾವುದು ಹಾಕ್ಕೊಳ್ಳಲಿ ಅಂದ ಹಾಗೆ.

ಬೆಳಗಿನ ಮೀಟಿಂಗ್ ಶುರುವಾದಾಗ ರೂಮಲ್ಲಿ ಮೂರೇ ಜನ. ಗುರುಚರಣ, ತೃಪ್ತಿ, ಮತ್ತೆ ಕೋಡ್ ಬರೆಯೋ ತೇಜು. ತೇಜು ಹೆಸರಿಗೆ ಕನ್ನಡದೋನು, ಅಣ್ಣಾನಗರದಲ್ಲಿ ಹುಟ್ಟಿ ಬೆಳೆದೋನು, ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಉತ್ತರ ಕೊಡ್ತಾನೆ, ತಮಿಳಲ್ಲಿ ಬೈದ್ರೆ ಮಾತ್ರ ಕನ್ನಡದಲ್ಲಿ 'ಯಾಕೆ' ಅಂತಾನೆ. ದೊಡ್ಡ ಪರದೆ ಮೇಲೆ ಅರವಿಂದ್ ಸರ್ ಬಂದ್ರು. ಹಣೇಲಿ ವಿಭೂತಿ, ಹಿಂದೆ ಅವರ ಅಮ್ಮನ ಫೋಟೋ. ಕೈ ಮುಗಿದ್ರು. ಮಾತು ಶುರು ಮಾಡಿದ್ರು. ದನಿ ಬರಲಿಲ್ಲ. ಮೇಜಿನ ಮೇಲಿನ ಸ್ಪೀಕರ್ ಡಬ್ಬಿ ಸತ್ತ ಹಾಗೆ ಕೂತಿತ್ತು. ಅದರ ವೈರು ಸಡಿಲ ಆಗೋದು ಆಫೀಸಿಗೆಲ್ಲ ಗೊತ್ತಿದ್ದ ರೋಗ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಮ್ಯಾನೇಜರ್ ಆಗಬೇಕಾದೋನು ಮೇಜಿನ ಕೆಳಗೆ ನುಸುಳಿದ. ಕೆಳಗೆ ಕತ್ತಲೆ. ಕಾರ್ಪೆಟ್ ವಾಸನೆ. ವೈರು ಹಿಡ್ಕೊಂಡು ತಲೆ ಎತ್ತಿದ್ರೆ ಎರಡು ಕುರ್ಚಿ ಕಾಲಿನ ಮಧ್ಯದಿಂದ ಪರದೆ ಕಾಣ್ತಿತ್ತು, ಅದರ ಮೇಲೆ ದೊಡ್ಡದೊಂದು ಮುಖ, ಶಬ್ದ ಇಲ್ಲದೆ ಆಡ್ತಿರೋ ಬಾಯಿ. ಡಬ್ಬಿಂಗ್ ಥಿಯೇಟರೇ ಕಾಲಡಿ ಬಂದು ಮಲಗಿದ ಹಾಗಿತ್ತು. ಗಂಟಲು ತಾನಾಗೇ ಸರಿ ಮಾಡಿಕೊಳ್ತು. ಅರವಿಂದ್ ಸರ್ ತುಟಿ ನಿಧಾನವಾಗಿ, ಒತ್ತಿ, ಮುಚ್ಚಿತು. ಅಷ್ಟು ಒತ್ತಿ ಮುಚ್ಚಿದ ತುಟಿಗೆ ಆ ಮನುಷ್ಯನ ಬಾಯಲ್ಲಿ ಬೇರೆ ಯಾವ ಮಾತು ಬರೋಕೆ ಸಾಧ್ಯ?

'ಅಮ್ಮಾ...' ಅಂದ ಗುರುಚರಣ. ಕೊಯಮತ್ತೂರಿನ ಮೆತ್ತಗಿನ ತಮಿಳು, ಪ್ರತಿ ಮಾತಿನ ಬಾಲಕ್ಕೂ ಮರ್ಯಾದೆ ಕಟ್ಟಿದ ಆ 'ಂಗ' ಸಮೇತ. 'ಅಮ್ಮಾ ಪಂಚಾಂಗಂ ತಿರುಂಬ ಪಾತ್ತಾಂಗ. ವೆಳ್ಳಿಕ್ಕಿಳಮೆ ವೇಣಾಂಗ. ಆವಣಿಯಿಲ ಪಾತ್ತುಕ್ಕಲಾಂಗ.' ಅಮ್ಮ ಪಂಚಾಂಗ ಮತ್ತೊಂದು ಸಲ ನೋಡಿದ್ರು, ಶುಕ್ರವಾರ ಬೇಡ, ಆಡಿ ಕಳೀಲಿ, ಮುಂದಿನ ತಿಂಗಳು ಆವಣೀಲಿ ನೋಡ್ಕೊಳ್ಳೋಣ. 'ಪಂಚಾಂಗ'ದ ಪ, 'ತಿರುಂಬ'ದ ಬ, 'ಪಾತ್ತುಕ್ಕಲಾಂ'ನ ಪ ಎಲ್ಲವೂ ಆ ತುಟಿ ಮೇಲೆ ಹಕ್ಕಿ ಬಂದು ಕೂತ ಹಾಗೆ ಕೂತವು. ಒಂದೇ ಟೇಕು. ಹರಿಹರ ಮಾಮ ಇದ್ದಿದ್ರೆ ವೀಳ್ಯ ನುಂಗ್ತಿದ್ರು. ಕೊನೇಗೆ ಅರವಿಂದ್ ಸರ್ ತುಟಿ ಇನ್ನೂ ಸ್ವಲ್ಪ ಆಡ್ತು, ಅದಕ್ಕೊಂದು 'ಎಲ್ಲಾರುಂ ನಿಮ್ಮದಿಯಾ ತೂಂಗುಂಗ', ಎಲ್ಲರೂ ನೆಮ್ಮದಿಯಾಗಿ ಮಲಗಿ ಅಂತ ತುಂಬಿ, ಈಗ ನಗ್ತಾರೆ, ಈಗ ತೇಜು ಕಾಲಲ್ಲಿ ಒದೀತಾನೆ ಅಂತ ಕಾದ. ಯಾರೂ ನಗಲಿಲ್ಲ. ಅಷ್ಟರಲ್ಲಿ ಪರದೆ ಮೇಲಿನ ಮುಖ ಬಾಯಿ ತೆರೆದಂಗೇ ನಿಂತು, ಮಾಯ ಆಯ್ತು. ನೆಟ್ ಹೋಗಿದೆ, ನಾಲ್ಕು ಗಂಟೆಗೆ ಮಾತಾಡೋಣ ಅಂತ ಮೆಸೇಜ್ ಬಂತು. ಮೇಲೆ ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದು.

ಅವನು ಎದ್ದು ನಿಂತಾಗ ತೃಪ್ತಿ ಆಗಲೇ ಫೋನಲ್ಲಿದ್ಳು. 'ಬರ್ತೀನವಾ, ಬರ್ತೀನಿ, ಹಸಿರು ಸೀರಿ ತಗದಿಡು' ಅನ್ನೋದು ಕೇಳಿಸ್ತು. ಅವಳ ಕಣ್ಣು ಒದ್ದೆ ಇತ್ತು. ಫೋನ್ ಮೇಲೆ ಕೈ ಮುಚ್ಚಿ, ಅವನ ಕಡೆ ತಿರುಗಿ, 'ನೀವ್ ಮಾತಾಡೇ ಬಿಟ್ರಿ ಅಲಾ' ಅಂದ್ಳು. ನಾನು ಮಾತಾಡಿದೆ ನಿಜ, ಅಂತ ಹೇಳಬಹುದಿತ್ತು. ಅಕ್ಷರಶಃ ಅದೇ ನಡೆದದ್ದು. ಮೊಣಕಾಲಿಗೆ ಅಂಟಿದ ಧೂಳು ಒರೆಸ್ಕೊಳ್ತಾ ಅವನು ಬಾಯಿ ತೆರೆಯೋಕೂ, ಬಾಗಿಲು ತೆರೆಯೋಕೂ ಸರಿಹೋಯ್ತು. ಸುಮತಿ ಮೇಡಂ. ಗಾಜಿನ ಆಚೆಯಿಂದ ಕೇಳಿಸಿಕೊಂಡಿದ್ರು. ಅರವಿಂದ್ ಸರ್ ಒಂದು ಸಲ ಹೇಳಿದ ದಿನ ಬದಲಾಯಿಸಿದ್ದು ಈ ಕಂಪನಿ ಚರಿತ್ರೇಲೇ ಇಲ್ಲ ಅಂದ್ರು. ನಾಲ್ಕು ಗಂಟೆ ಮೀಟಿಂಗಿಗೆ ತಾವೇ ಬಂದು ಅವರಿಗೆ, ಅವರ ಅಮ್ಮನಿಗೆ ಥ್ಯಾಂಕ್ಸ್ ಹೇಳ್ತೀನಿ ಅಂದ್ರು. ಆಮೇಲೆ ಗುರುಚರಣನ ಭುಜ ತಟ್ಟಿ, ಕನ್ಫರ್ಮೇಷನ್ ಬಗ್ಗೆ ಇನ್ನು ಯೋಚನೆ ಬೇಡ ಅಂತ ಹೋದ್ರು. ಭುಜದ ಮೇಲೆ ಆ ತಟ್ಟಿದ ಜಾಗ ಹಾಗೇ ಉಳೀತು, ಮುದ್ರೆ ಒತ್ತಿದ ಹಾಗೆ. ತೇಜು 'ಸೆಮ್ಮ ಮಚ್ಚಾ' ಅಂತ ಕೈ ಚಾಚಿದ. ಕೈಗೆ ಕೈ ಹೊಡೀಬೇಕಾಯ್ತು.

ಊಟದ ಹೊತ್ತಲ್ಲಿ ಕ್ಯಾಂಟೀನಲ್ಲಿ ಮೊಸರನ್ನ ಕಲೆಸ್ತಾ ಕೂತ. ಕಲೆಸ್ತಾನೇ ಇದ್ದ. ಇದನ್ನ ತಪ್ಪು ಅನ್ನಬಹುದಾ? ತಪ್ಪು ಅಂದ್ರೆ ಯೋಚನೆ ಮಾಡಿ ಮಾಡೋದು. ಇದು ತುಟಿ ಕಂಡು ಆದದ್ದು. ನಾಯಿ ಬಾಲ ಅಲ್ಲಾಡಿಸಿದ್ದಕ್ಕೆ ಯಾರಾದ್ರೂ ಕೇಸು ಹಾಕ್ತಾರಾ? ಅವನೊಳಗಿನ ಜಡ್ಜು ಸುತ್ತಿಗೆ ಎತ್ತಿದ, ಅವನೊಳಗಿನ ಕೈದಿ ಕೈ ಮುಗಿದ, ಇಬ್ಬರಿಗೂ ದನಿ ಇವನದೇ ಆದ್ದರಿಂದ ತೀರ್ಪು ಏನಾಗುತ್ತೆ ಅಂತ ಮೊದಲೇ ಗೊತ್ತಿತ್ತು. ಹಳೇ ಚಿತ್ರವೊಂದರಲ್ಲಿ ವಿಲನ್ ಬಾಯಲ್ಲಿ ಅವನೇ ಹೇಳಿದ್ದ ಮಾತು ನೆನಪಾಯ್ತು: 'ಸತ್ಯ ಹೇಳೋನು ಒಂದೇ ಸಲ ಸಾಯ್ತಾನೆ, ಸುಳ್ಳು ಹೇಳೋನು ರೀಲಿಗೊಂದು ಸಲ ಸಾಯ್ತಾನೆ.' ಆಗ ಜೋರಾಗಿ ನಕ್ಕಿದ್ದ, ವಿಲನ್ ನಗು ಅದು, ಅದಕ್ಕೂ ಸಂಬಳ ಇತ್ತು. ಅರವಿಂದ್ ಸರ್‌ಗೆ ಈಗಲೇ ಫೋನ್ ಮಾಡಿ, ಸರ್, ಬೆಳಿಗ್ಗೆ ನೀವು ಹೇಳದೇ ಇದ್ದ ಆ ಮಾತನ್ನ ಈಗ ದಯವಿಟ್ಟು ಹೇಳಿಬಿಡಿ ಅಂತ ಕೇಳಿದ್ರೆ? ನಂಬರ್ ತೆಗೆದ. ಬೆರಳು ಅದರ ಮೇಲೆ ನಿಂತಿತು. ಕೇಳಿದ್ರೆ ಉತ್ತರ ಬರುತ್ತೆ. ಉತ್ತರ ಅನ್ನೋದು ಕೇಳೋ ತನಕ ಮಾತ್ರ ನಮ್ಮ ಕೈಲಿರೋದು. ಅಷ್ಟರಲ್ಲಿ ಫೋನೇ ಅಲುಗಿತು. ಅಮ್ಮ.

'ಊಟ ಆಯ್ತಾ ಡಾ? ಕೇಳು, ಅಂಬುಜಾ ಬಂದಿದಾಳೆ. ನಿನ್ನ ಮಗ ಮ್ಯಾನೇಜರ್ ಆಗಿಬಿಟ್ಟನಾಮೇ ಅಂತ ಕೇಳ್ತಾಳೆ. ನಾನು ಆಮಾ ಅಂದೆ. ಶರಿ ತಾನೆ?'

ಸಂಜೆ ಗೊತ್ತಾಗುತ್ತೆ ಅಂದ ಅವನು. ಅಮ್ಮನಿಗೆ ಅದು ಸಾಲಲಿಲ್ಲ. ಸಾಯಂಕಾಲ ಮಠದಲ್ಲಿ ಭಜನೆ ಇದೆ, ಎಲ್ಲರೂ ಬರ್ತಾರೆ, ಹೇಳಿಬಿಡಲಾ ಅಂತ ಕೇಳಿದ್ಳು. ಇಷ್ಟು ವರ್ಷ ಮಗ ಏನು ಮಾಡ್ತಾನೆ ಅಂದೋರಿಗೆಲ್ಲ 'ಸೌಂಡ್ ಲೈನಲ್ಲಿ ಇದಾನೆ' ಅಂತ ಹೇಳಿ, ಮೈಕ್ ಸೆಟ್ ಬಾಡಿಗೆ ಕೊಡ್ತಾನಾ ಅಂತ ಅವರು ಕೇಳಿ, ಇವಳು ಸುಮ್ನಾಗಿ, ಹೀಗೇ ಕಳೆದಿತ್ತು. ಅವಳ ದನೀಲಿ ಸಂತೋಷ ಎಷ್ಟು ಸಣ್ಣದಾಗಿ, ಹುಷಾರಾಗಿ ಇತ್ತು ಅಂದ್ರೆ, ಬಿಸಿ ಪಾತ್ರೆ ಸೆರಗಲ್ಲಿ ಹಿಡಿದ ಹಾಗೆ. ಅವನು ಬೇಡ ಅಂದ. ಯಾಕೆ ಅಂತ ಅವಳು ಕೇಳಿದ್ಳು. ಅದಕ್ಕೆ ಅವನು, 'ಅಮ್ಮಾ, ನಾನು ಮಾತಾಡಿದ್ರೆ ನನ್ನ ದನಿ ಹೇಗಿರತ್ತೆ?' ಅಂದ. ಆ ಕಡೆ ಕುಕ್ಕರ್ ಕೂಗಿತು. 'ಇದೇನು ಡಾ ಕೇಳ್ವಿ. ಹೊಟ್ಟೆ ಹಸಿದಾಗ ಒಂದು ದನೀಲಿ ಅಮ್ಮಾ ಅಂತೀಯಲ್ಲ, ಅದು ನಿಂದು. ಬಾಕಿದೆಲ್ಲ ನನಗೆ ತೆರಿಯಾದು, ಗೊತ್ತಿಲ್ಲ' ಅಂತ ಇಟ್ಟುಬಿಟ್ಳು. ಬೆಳಿಗ್ಗೆ ಮೇಜಿನ ಕೆಳಗೆ 'ಅಮ್ಮಾ' ಅಂದದ್ದು ಹಸಿವಿನ ದನಿ ಅಲ್ಲವೇ ಅಲ್ಲ. ಮೊಸರನ್ನ ಹಾಗೇ ಬಿಟ್ಟು ಎದ್ದ.

ತೃಪ್ತಿ ಸೀಟಿನ ಹತ್ರ ಹೋದಾಗ ಅವಳು ನಾಳೆ ರಾತ್ರಿ ಟ್ರೈನಿಗೆ ಟಿಕೆಟ್ ನೋಡ್ತಾ ಇದ್ಳು. ಕುರ್ಚಿ ಪಕ್ಕ ಒಂದು ಚೀಲ, ಊಟದ ಬಿಡುವಲ್ಲಿ ಓಡಿ ಹೋಗಿ ತಂದಿದ್ದ ಮಲ್ಲಿಗೆ ಬಣ್ಣದ ಸಣ್ಣ ಸ್ವೆಟರು, ಬೊಂಬೆಗೆ ಆಗೋವಷ್ಟು. ಮದ್ರಾಸಿಂದ ಸ್ವೆಟರು ತಗೊಂಡು ಹೋಗೋ ಮೊದಲನೇ ಹುಡುಗಿ ಇವಳೇ ಇರಬೇಕು. ಅವನು ನಿಂತ, ಅವಳು ನೋಡಿದ್ಳು, ಅವನು ಸ್ವೆಟರ್ ಚೆನ್ನಾಗಿದೆ ಅಂತ ಹೇಳಿ ನೀರು ಕುಡಿಯೋಕೆ ಹೋದ. ನೀರಿನ ಮೆಷಿನ್ ಹತ್ರ ಗಾಜಲ್ಲಿ ತನ್ನ ಮುಖ ಕಂಡಿತು. ಬಾಯಿ ಆಡಿಸಿ ನೋಡಿದ. ಯಾವ ಮಾತು ಕೂರುತ್ತೆ ಅಂತ ಹೊಳೀಲಿಲ್ಲ. ಎಲ್ಲರ ತುಟೀನೂ ಓದ್ತಾನೆ, ಇದೊಂದು ತುಟಿ ಮಾತ್ರ ಬೇರೆ ದೇಶದ ಚಿತ್ರದ ಹಾಗಿತ್ತು.

ನಾಲ್ಕಾಗೋಕೆ ಸ್ವಲ್ಪ ಮುಂಚೆ ಎಲ್ಲರೂ ಅದೇ ರೂಮಿಗೆ ಬಂದ್ರು. ಸುಮತಿ ಮೇಡಂ ಎದುರಿನ ಕುರ್ಚೀಲಿ ಕೂತು, ಸೀರೆ ಸರಿಮಾಡ್ಕೊಂಡು, ಅರವಿಂದ್ ಸರ್ ಅಮ್ಮನ ಹೆಸರೇನು ಅಂತ ತೇಜುನ ಕೇಳಿದ್ರು. ಪರದೆ ಇನ್ನೂ ಕಪ್ಪಗಿತ್ತು. ಗುರುಚರಣ ಎದ್ದು ನಿಂತ. ಕಮಿಷನರನ್ನ ಕರೆದ, ಬರಲಿಲ್ಲ. ಹೀರೋನ ಕರೆದ, ಶೂಟಿಂಗ್ ಇದೆ ಅಂದ.

ಬೆಳಿಗ್ಗೆ ಅರವಿಂದ್ ಸರ್ ದಿನ ಬದಲಾಯಿಸಲೇ ಇಲ್ಲ, ಅವರ ದನಿ ಬರಲೇ ಇಲ್ಲ, ಮೇಜಿನ ಕೆಳಗಿಂದ ಮಾತಾಡಿದ್ದು ತಾನು, ಅಂತ ಅವನು ತಮಿಳಲ್ಲಿ ಒಂದು ಸಲ ಹೇಳಿದ, ತೃಪ್ತಿ ಕಡೆ ತಿರುಗಿ ಕನ್ನಡದಲ್ಲಿ ಒಂದು ಸಲ ಹೇಳಿದ. ಹೇಳಿ ಮುಗಿಸಿ, ಆಕಾಶ ಬೀಳೋದಕ್ಕೆ ತಲೆ ತಗ್ಗಿಸಿ ನಿಂತ. ಬೀಳಲಿಲ್ಲ. ತೇಜು ನಗೋಕೆ ಶುರು ಮಾಡಿದ. ಮೇಡಮ್ಮೂ ನಕ್ಕು, ನೀನು ಸುಧಾರಿಸಲ್ಲ ಅಂದ್ರು. ಅವರಿಗೆ ನೆನಪಿತ್ತು, ಹಿಂದೆ ಇವನು ಅವರದೇ ದನೀಲಿ ತೇಜುಗೆ ಫೋನ್ ಮಾಡಿ ಕ್ಯಾಬಿನ್ನಿಗೆ ಓಡಿಸಿದ್ದು, ಸೆಕ್ಯೂರಿಟಿಯವರ ದನೀಲಿ ನಿಮ್ಮ ಸ್ಕೂಟರ್ ಎತ್ಕೊಂಡು ಹೋದ್ರು ಅಂದದ್ದು. ಇಷ್ಟು ದಿನ ಮಾಡಿದ ತಮಾಷೆಯೆಲ್ಲ ಸಾಲಾಗಿ ಬಂದು ಸತ್ಯದ ಬಾಗಿಲಿಗೆ ಅಡ್ಡ ನಿಂತಿತ್ತು. ನಂಬಿಸೋದೇ ಕಸುಬಾದೋನಿಗೆ ಮೊದಲನೇ ಸಲ ಸುಳ್ಳಿಲ್ಲದ ಮಾತು ಸಿಕ್ಕಿದ್ರೆ ಅದಕ್ಕೆ ಗಿರಾಕಿ ಇಲ್ಲ.

'ಚ್ಯಾಷ್ಟಿ ಸಾಕ್ರೀ' ಅಂದ್ಳು ತೃಪ್ತಿ. ನಗ್ತಾನೇ ಅಂದ್ಳು, ಆದ್ರೆ ಚೀಲದ ಮೇಲೆ ಕೈ ಇಟ್ಟಿದ್ಳು.

ಬೇರೆ ದಾರಿ ಇರಲಿಲ್ಲ. ಅವನು ಮೇಜಿನ ಕೆಳಗೆ ಹೋಗಲಿಲ್ಲ, ಬೆನ್ನು ತಿರುಗಿಸಲಿಲ್ಲ. ಅವರ ಎದುರಿಗೇ, ಮುಖ ಮುಚ್ಚಿಕೊಳ್ಳದೆ, ತುಟಿ ಒತ್ತಿ ಮುಚ್ಚಿ ತೆರೆದ. 'ಅಮ್ಮಾ ಪಂಚಾಂಗಂ ತಿರುಂಬ ಪಾತ್ತಾಂಗ. ವೆಳ್ಳಿಕ್ಕಿಳಮೆ ವೇಣಾಂಗ.' ಅದೇ ಮೆತ್ತಗಿನ ದನಿ, ಅದೇ ಮರ್ಯಾದೆ. ಕೋಡಂಬಾಕ್ಕಂನಲ್ಲಿ ಅಷ್ಟು ವರ್ಷ ಕೆಲಸ ಮಾಡಿದಾಗ ಆ ದನಿ ಬರೋ ಬಾಯನ್ನ ಯಾರೂ ನೋಡಿರಲಿಲ್ಲ, ಅವನಿಗೂ ತೋರಿಸಬೇಕು ಅಂತ ಆಸೆ ಇತ್ತು, ಯಾವತ್ತಾದ್ರೂ ಒಂದು ದಿನ ಎಲ್ಲರೂ ನೋಡ್ತಾರೆ ಅಂತ. ನೋಡಿದ್ರು. 'ಆವಣಿಯಿಲ' ತನಕ ಹೋಗೋ ಅಗತ್ಯ ಬರಲಿಲ್ಲ. ತೇಜುನ ನಗು ಬಾಯಲ್ಲೇ ನಿಂತು ಹಳಸಿತು. ಮೇಡಂ ಪೆನ್ನು ಕೆಳಗಿಟ್ರು, ಇಂಟರ್ವ್ಯೂ ದಿನ ಇಟ್ಟ ಹಾಗೇ. ಏಸಿ ಸದ್ದು ಮಾತ್ರ. ಅವನು ಹೊಡೆದಿದ್ದ ಡೈಲಾಗ್ ನಿಜವಾಗಿತ್ತು: ಈ ಗುರು ಮಾತಾಡಿದ ಮೇಲೆ ಬರೀ ಮೌನ.

ತೃಪ್ತಿ ಅವನ ಬಾಯಿ ನೋಡ್ತಾ ಇದ್ಳು. ಕಣ್ಣಲ್ಲ, ಬಾಯಿ. ನಾಟಕದ ಪರದೆ ಹರಿದು ಹಿಂದಿನ ಹಗ್ಗ ಕಂಡೋರ ಹಾಗೆ. 'ನೀವು ಅವರಿಗೆ ಕೇಳಿದ್ರೋ ಇಲ್ಲೋ, ಒಂದ್ ಸಲನಾದ್ರೂ?' ಅಂದ್ಳು. ಇಲ್ಲ ಅಂತ ತಲೆ ಅಲ್ಲಾಡಿಸಿದ. ಯಾಕ್ರೀ ಅಂತ ಅವಳು ಕೇಳಲಿಲ್ಲ. ಕೇಳಿದ್ರೆ ಅವನ ಹತ್ರ ಒಂದು ಉದ್ದ ಡೈಲಾಗ್ ಇತ್ತು, ಕಣ್ಣೀರಿನ ಜಾಗದ ಸಮೇತ. ಚೀಲ ಎತ್ತಿ ಮಡಿಲಲ್ಲಿ ಇಟ್ಕೊಂಡ್ಳು. ಅದರ ಹಿಡಿ ತಿರುವಿದ್ಳು.

'ಮತ್ತೊಬ್ಬರದ್ದು ಆತು. ಈಗ ನಿಮ್ಮ ದನಿಯೊಳಗ ಹೇಳ್ರಿ. ನಾ ಊರಿಗೆ ಹೋಗ್ಲೋ ಬ್ಯಾಡೋ?'

ಅವನು ಬಾಯಿ ತೆರೆದ. ಮುಂದೆ ಲೂಪ್ ಇರಲಿಲ್ಲ. ಅನುಸರಿಸೋಕೆ ಯಾವ ತುಟಿಯೂ ಇರಲಿಲ್ಲ. ಹೋಗಿ ಅಂದ್ರೆ ಶುಕ್ರವಾರ ತಲೆ ಮೇಲೆ ಬೀಳುತ್ತೆ, ಬೇಡ ಅಂದ್ರೆ ಒಬ್ಬಳು ಹಸೆ ಮೇಲೆ ಕೂರಲ್ಲ, ಮತ್ತೆ ಈ ಎರಡರಲ್ಲಿ ಯಾವುದನ್ನೂ ಅರವಿಂದ್ ಸರ್ ಆಗಲಿ, ಅವರ ಅಮ್ಮ ಆಗಲಿ, ಪಂಚಾಂಗ ಆಗಲಿ ಅವನ ಪರವಾಗಿ ಹೇಳೋಹಾಗಿಲ್ಲ. 'ಹೋಗಿ' ಅಂದ. ದನಿ ಒಡೀತು. ತುಟಿಗೂ ಮಾತಿಗೂ ಸೇರಲೇ ಇಲ್ಲ ಅನ್ನಿಸ್ತು ಅವನಿಗೆ, ಹರಿಹರ ಮಾಮ ಇದ್ದಿದ್ರೆ ಇನ್ನೊಂದು ಟೇಕ್ ಅನ್ನೋರು. 'ಶುಕ್ರವಾರ ಶುಕ್ರವಾರಾನೇ. ಆದ್ರೆ ನೀವು ಹೋಗಿ. ನೀವು ತಪ್ಪು ಹುಡುಕೋದು ಹೇಗೆ ಅಂತ ಇವತ್ತು, ನಾಳೆ ನನಗೆ ಹೇಳಿಕೊಡಿ. ಉಳಿದದ್ದು ನಾನು ಕೂತು ನೋಡ್ತೀನಿ. ಬರದೇ ಇದ್ರೆ ತೇಜು ಕಾಲು ಹಿಡೀತೀನಿ. ಅರವಿಂದ್ ಸರ್‌ಗೆ ಇದನ್ನ ನಾನೇ ಹೇಳ್ತೀನಿ.' ಯಾವ ಚಿತ್ರದಲ್ಲೂ ಕೇಳಿರದ, ಸಪ್ಪೆ, ಉಪ್ಪಿಲ್ಲದ ಮಾತು. ತೇಜು ಅವನ ಕಡೆ ಒಂದು ಸಲ, ತನ್ನ ಕಾಲಿನ ಕಡೆ ಒಂದು ಸಲ ನೋಡಿ, 'ಆಯ್ತು' ಅಂದ. ಕನ್ನಡದಲ್ಲಿ.

ತೃಪ್ತಿ ತಲೆ ಎತ್ತಿದ್ಳು. ಕ್ಷಮಿಸಿದ್ಳು ಅನ್ನೋ ಹಾಗೇನೂ ಇರಲಿಲ್ಲ ಮುಖ. ಆದ್ರೆ ಚೀಲ ಮಡಿಲಿಂದ ಇಳಿಸಿ, ಕುರ್ಚಿ ಎಳ್ಕೊಂಡು, ಪಕ್ಕದಲ್ಲಿ ಇನ್ನೊಂದು ಕುರ್ಚಿಗೆ ಜಾಗ ಬಿಟ್ಳು. ಸುಮತಿ ಮೇಡಂ ಪೆನ್ನು ಎತ್ಕೊಂಡ್ರು. ಕನ್ಫರ್ಮೇಷನ್ ಮಾತು ಶುಕ್ರವಾರ ಕಳೆದ ಮೇಲೆ, ಅಂದ್ರು. ಇರುತ್ತೋ ಇಲ್ವೋ ಅಂತಲೂ ಈಗ ಹೇಳಲ್ಲ, ಅಂದ್ರು. ಇನ್ನೊಂದು ಸಲ ಯಾರ ದನೀಲಾದ್ರೂ ಮಾತಾಡಿದ್ರೆ ಆಡಿ ಮಾಸದಲ್ಲೇ ಕಳಿಸಿಕೊಡ್ತೀನಿ, ಆವಣಿಗೆ ಕಾಯಲ್ಲ, ಅಂದ್ರು. ಕೊನೇ ಮಾತು ಹೇಳುವಾಗ ತುಟಿ ತುದಿ ಒಂಚೂರು ಅಲುಗಿದ ಹಾಗಿತ್ತು. ಅದಕ್ಕೆ ಏನು ಅರ್ಥ ಅಂತ ತುಂಬೋಕೆ ಹೋಗಲಿಲ್ಲ ಅವನು.

ಪರದೆ ಬೆಳಗಿತು. ವಿಭೂತಿ, ಹಿಂದೆ ಅಮ್ಮನ ಫೋಟೋ, ಮುಗಿದ ಕೈ. ಅರವಿಂದ್ ಸರ್ ಮಾತಾಡೋಕೆ ಶುರು ಮಾಡಿದ್ರು. ದನಿ ಇಲ್ಲ. ತುಟಿ ಮುಚ್ಚಿತು, ತೆರೀತು, ಪಟಪಟ ಅಂತ ಮುಚ್ಚಿ ತೆರೀತು. ಮೂರು ಜನವೂ ಪರದೆ ಬಿಟ್ಟು ಗುರುಚರಣನ ಕಡೆ ತಿರುಗಿದ್ರು. ಗಂಟಲಲ್ಲಿ ಆ 'ಅಮ್ಮಾ' ಎದ್ದು ಬಂದು ಹಲ್ಲಿನ ಹಿಂದೆ ನಿಂತಿತು, ಅದನ್ನ ಬಿಸಿ ಕಾಫಿ ನುಂಗಿದ ಹಾಗೆ ನುಂಗಿದ. ಬಗ್ಗಿ ವೈರು ನೋಡಿದ, ಭದ್ರವಾಗಿತ್ತು. ಬೆಳಿಗ್ಗೇನೂ ಭದ್ರವಾಗೇ ಇತ್ತು ಅನ್ನಿಸುತ್ತೆ. ಪರದೆ ಮೂಲೇಲಿ, ಅರವಿಂದ್ ಸರ್ ಹೆಸರಿನ ಪಕ್ಕ, ಸಣ್ಣ ಮೈಕಿನ ಗುರುತು, ಅದರ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೀಟು. ಇಡೀ ಪೆರುಂಗುಡೀಲಿ, ಪ್ರತಿ ಆಫೀಸಲ್ಲಿ, ಪ್ರತಿ ಮೀಟಿಂಗಲ್ಲಿ ಯಾರೋ ಒಬ್ಬರು ಯಾರಿಗೋ ಹೇಳೋ ಮಾತು ಅದು, ಅದಕ್ಕೆ ಪಂಚ್ ಇಲ್ಲ, ಪ್ರಾಸ ಇಲ್ಲ, ಬೆಳಿಗ್ಗೆ ಅದನ್ನ ಹೇಳಬೇಕಾಗಿದ್ದು ಇವನೊಬ್ಬನೇ. ಮುಂದಕ್ಕೆ ಬಾಗಿದ.

'ಸರ್, ನಿಮ್ಮ ಮೈಕ್ ಆಫ್ ಆಗಿದೆ' ಅಂತ ತಮಿಳಲ್ಲಿ ಅಂದ. 'ನೀವು ಹೇಳ್ತಿರೋದು ನಮಗೇನೂ ಕೇಳಿಸ್ತಿಲ್ಲ.'